ಗೋಡೆಯ ಆಚೆಗಿನ ತೋಟ

ಗುಫೂಲ್, ಮನಾಮ, ಬಹರೈನ್
14 ಸೆಪ್ಟೆಂಬರ್ 2024

ಪೂಜ್ಯ ವೇದಕ್ಕನಿಗೆ,

ನಿಮ್ಮ ತಂಗಿಯಂತಹ ಪಂಕಜಾಕ್ಷಿಯ ನಮಸ್ಕಾರಗಳು. ಕಾಗದ ಇಷ್ಟು ತಡವಾಯಿತೆಂದು ಬೈಯಬೇಡಿ. ಬರೆಯಲು ಕುಳಿತಿರಲಿಲ್ಲವೆಂದಲ್ಲ. ಕುಳಿತಾಗಲೆಲ್ಲ ಮೊದಲ ಸಾಲಿನಲ್ಲೇ ಕೈ ತಪ್ಪುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಿಮಗೆ 'ಸೌಭಾಗ್ಯವತಿ ವೇದಕ್ಕನಿಗೆ' ಎಂದೇ ಬರೆದು ಅಭ್ಯಾಸ. ಅದೇ ಬಾಯಿಪಾಠದಲ್ಲಿ ಪೆನ್ನು ಓಡುತ್ತಿತ್ತು, ಕಾಗದ ಹರಿಯುತ್ತಿದ್ದೆ, ಮತ್ತೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಇವತ್ತು ಹಲ್ಲು ಕಚ್ಚಿ 'ಪೂಜ್ಯ' ಎಂದು ಬರೆದಿದ್ದೇನೆ. ಆ ಶಬ್ದ ನನಗೆ ಇಷ್ಟವಿಲ್ಲ ಅಕ್ಕ. ನಿಮ್ಮನ್ನು ಒಮ್ಮೆಗೇ ಮುದುಕಿ ಮಾಡಿದಂತೆ ಕಾಣುತ್ತದೆ.

ಇಲ್ಲಿ ಇನ್ನೂ ಸೆಕೆ ಇಳಿದಿಲ್ಲ. ಕನ್ನಡಕ ಹಾಕಿ ಹೊರಗೆ ಬಂದರೆ ಗಾಜಿನ ಮೇಲೆ ಹಬೆ. ತೃಷಾ ಶುಕ್ರವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ, ಅವು ಅಜ್ಜನ ಜೊತೆ ಇಂಗ್ಲಿಷಿನಲ್ಲೇ ಪಟಪಟ ಮಾತಾಡುತ್ತವೆ. ಇವರು ಸಲ್ಮಾಬಾದಿನ ಗಿಡಗಳ ನರ್ಸರಿಯನ್ನು ಪೂರ್ತಿ ಇಬ್ರಾಹಿಮನ ಕೈಗೆ ಕೊಟ್ಟುಬಿಟ್ಟರು. ಗೊತ್ತಲ್ಲ, ಮೊದಲಿನಿಂದಲೂ ಇವರ ಜೊತೆಗಿದ್ದ ಉಳ್ಳಾಲದ ಇಬ್ರಾಹಿಂ. ಅದ್ಲಿಯಾದ ಬಂಗಲೆಗಳಲ್ಲಿ ಇವರು ಬೆಳೆಸಿದ ಗಿಡಗಳನ್ನೆಲ್ಲ ಈಗ ಅವನೇ ನೋಡಿಕೊಳ್ಳುತ್ತಾನೆ. ಬೇವಿನ ಸಸಿ ಯಾವುದು, ಬೋಗನ್‌ವಿಲ್ಲ ಯಾವುದು ಎಂದು ಇವರಿಗೆ ಎಲೆ ಮುಟ್ಟಿಯೇ ತಿಳಿಯಬೇಕು. ನಾವು ಊರಿಗೆ ಬಂದಾಗ ಕಣ್ಣಿನ ನಡುವಿನಲ್ಲಿ ಒಂದು ನಾಣ್ಯದಷ್ಟಾದರೂ ಕಾಣುತ್ತಿತ್ತು. ಈಗ ಅದೂ ಮಸುಕು. ಕಣ್ಣಿನ ನರ ಒಣಗಿದರೆ ಮತ್ತೆ ಚಿಗುರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಚಿಗುರದ್ದು ಯಾವುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಇವರು ನಗುತ್ತಾರೆ. ನನಗೆ ಆ ನಗು ಕೇಳಿದರೆ ಸಿಟ್ಟು ಬರುತ್ತದೆ.

ಅಕ್ಕ, ಉತ್ತರಕ್ರಿಯೆಯ ದಿನ ನೀವು ಹೇಳಿದ್ದು ನಾನು ಮರೆತಿಲ್ಲ. "ಪಂಕಜಾ, ಆ ತೋಟದ ವಿಷಯ ಎಲ್ಲ ಒಂದು ಕಾಗದದಲ್ಲಿ ಬರೆದು ಕಳಿಸು. ಫೋನಲ್ಲಿ ಹೇಳಿದ್ದು ನಿಲ್ಲುದಿಲ್ಲ. ನಿನ್ನ ಭಾವನ ಫೋಟೋದ ಎದುರು ಕೂತು ಓದ್ತೇನೆ" ಎಂದಿರಿ. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ಭಾವನ ಪವರ್ ಟಿಲ್ಲರ್ ರಿಪೇರಿಯ ಅಂಗಡಿಯಲ್ಲಿ ಆ ಜಪಾನು ಕಂಪನಿಯ ಕ್ಯಾಲೆಂಡರು ಇತ್ತಲ್ಲ, ಎಣ್ಣೆಯ ಕೈಗುರುತು ಬಿದ್ದದ್ದು, ತಾರೀಕು ಮುಗಿದು ಎಷ್ಟೋ ವರ್ಷವಾದರೂ ಭಾವ ತೆಗೆಯಲು ಬಿಡದೇ ಇದ್ದದ್ದು, ಕ್ಯೋಟೋದ ಹುಚ್ಚು ಇವರಿಗೆ ಹಿಡಿದದ್ದೇ ಅಲ್ಲಿಂದ. ಬಿಳಿ ಜಲ್ಲಿಯಲ್ಲಿ ಅಲೆ ಗೀಚಿದ ಅಂಗಳದ ಚಿತ್ರ. "ನೀರೇ ಇಲ್ಲದೆ ಹೊಳೆ ಮಾಡಿದ್ದಾರೆ ನೋಡಾ, ನಾವು ಇದನ್ನು ಒಂದು ಸಲ ನೋಡ್ಬೇಕು" ಎಂದು ಅಣ್ಣ ತಮ್ಮ ಇಬ್ಬರೂ ಹೇಳಿಕೊಂಡದ್ದಂತೆ. ನೀರಿಲ್ಲದ ಊರಿಗೆ ಬಂದು ಇವರು ತೋಟದ ಕೆಲಸ ಹಿಡಿದದ್ದೂ ಅದೇ ಹುಚ್ಚಿನಿಂದ ಇರಬೇಕು. ಭಾವನಿಗೆ ಎದೆಯ ಆಪರೇಶನ್ ಆದ ಮೇಲೆ, "ನನ್ನಿಂದ ಇನ್ನು ಅಷ್ಟು ದೂರ ಆಗ್ಲಿಕ್ಕಿಲ್ಲ, ವಸಂತ ನೋಡಿ ಬಂದು ಹೇಳ್ಲಿ" ಎಂದಿದ್ದರಲ್ಲ. ಕಣ್ಣು ಪೂರ್ತಿ ಹೋಗುವ ಮೊದಲು ಹೋಗಿ ಬನ್ನಿ ಎಂದು ಅಕ್ಷಿತ್, ತೃಷಾ ಮಕ್ಕಳಿಬ್ಬರೂ ಸೇರಿ ಏಪ್ರಿಲಿಗೆ ಟಿಕೆಟ್ ಮಾಡಿಸಿದರು. ಮನಾಮದ ಒಂದು ಟ್ರಾವೆಲ್ಸಿನ ಗುಂಪು, ಜೊತೆಗೆ ಅವರದ್ದೇ ಆಫೀಸಿನ ವೆಂಡಿ ಎನ್ನುವ ಫಿಲಿಪಿನೋ ಹುಡುಗಿ.

ನಾವು ಕ್ಯೋಟೋ ಮುಟ್ಟಿದ ಮರುದಿನ ಬೆಳಿಗ್ಗೆ, ಇನ್ನೂ ಒಂದು ತೋಟವನ್ನೂ ನೋಡಿರಲಿಲ್ಲ, ಆಗ ನಿಮ್ಮ ಫೋನು ಬಂತು. "ವಸಂತ ಬದಿಯಲ್ಲಿ ಇದ್ದಾನಾ? ನೀನು ಹೊರಗೆ ಹೋಗು" ಎಂದಿರಿ. ಕಾರಿಡಾರಿನಲ್ಲಿ ನಿಂತು ಕೇಳಿದೆ. "ನಿನ್ನ ಭಾವ ಹೋದ್ರು ಪಂಕಜಾ. ಅಳ್ಬೇಡ, ಅವನಿಗೆ ಗೊತ್ತಾಗ್ತದೆ. ಹೇಳಿದ್ರೂ ಅವ ಇಲ್ಲಿಗೆ ಹೊತ್ತಿಗೆ ಮುಟ್ಲಿಕ್ಕೆ ಆಗುದಿಲ್ಲ. ತಿಳಿಯದವನಿಗೆ ಸೂತಕ ಇಲ್ಲ. ನೋಡ್ಲಿ ಅವ, ಕಣ್ಣಿರುವಾಗಲೇ ನೋಡ್ಲಿ. ನಿನ್ನ ಭಾವನ ಆಸೆಯೂ ಅದೇ ಅಲ್ವಾ?" ನಿಮ್ಮ ಹಿಂದೆ ಅಳುವ ಸ್ವರಗಳು ಕೇಳುತ್ತಿದ್ದವು. ಗಂಡನನ್ನು ಚಾಪೆಯ ಮೇಲೆ ಮಲಗಿಸಿಟ್ಟು ಮೈದುನನ ಕಣ್ಣಿನ ಚಿಂತೆ ಮಾಡುವವರು ನೀವಲ್ಲದೆ ಇನ್ನು ಯಾರಿದ್ದಾರೆ ಅಕ್ಕ? ನನ್ನ ಕೈಯಲ್ಲಾದರೆ ಆಗುತ್ತಿರಲಿಲ್ಲ.

ನಾನು ಒಳಗೆ ಬಂದು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ನಲ್ಲಿ ಪೂರ್ತಿ ಬಿಟ್ಟು ಆ ಸದ್ದಿನಲ್ಲಿ ಅತ್ತೆ. "ಇದೆಂತ ಮಾರಾಯ್ತಿ, ಈ ಚಳಿಗೆ ತಲೆಸ್ನಾನ?" ಎಂದರು. "ವಿಮಾನದ ಧೂಳು" ಎಂದೆ. ಇವರ ಫೋನಿನಿಂದ ಮನೆಯವರ ವಾಟ್ಸಾಪ್ ಗ್ರೂಪು ತೆಗೆದೆ. ಯಾರೂ ಇವರಿಗೆ ಫೋನು ಮಾಡಬಾರದೆಂದು ಮಕ್ಕಳಿಗೆ ಹೇಳಿದೆ.

ಒಂದು ವಿಷಯ ನಮಗೆ ಯಾರಿಗೂ ತಲೆಗೆ ಹೋಗಿರಲಿಲ್ಲ. ಆ ಊರಿನಲ್ಲಿ ನಾವು ನೋಡಬೇಕಾಗಿದ್ದ ತೋಟಗಳೆಲ್ಲ ಇದ್ದದ್ದು ದೇವಸ್ಥಾನಗಳ ಒಳಗೇ! ಬಸ್ಸು ನಿಂತಲ್ಲೆಲ್ಲ ಒಂದು ಹೆಬ್ಬಾಗಿಲು. ಒಳಗಿಂದ ಗಂಟೆಯ ಸದ್ದು, ಊದುಬತ್ತಿಯ ಪರಿಮಳ. ಬುದ್ಧನ ಗುಡಿ, ನಮ್ಮ ದೇವರಲ್ಲವೆಂದು ಒಂದು ಮನಸ್ಸು ಹೇಳಿತು. ಕೈ ಮುಗಿಯುವ ಜಾಗವೆಂದ ಮೇಲೆ ಯಾವ ದೇವರಾದರೇನು, ಸೂತಕದ ಕಾಲು ಇಡುವುದು ಹೇಗೆ? ಇವರಿಗೆ ತಿಳಿದಿಲ್ಲ, ನನಗೆ ತಿಳಿದಿದೆಯಲ್ಲ. ಮಂಡಿ ಹಿಡಿದುಕೊಂಡಿದೆಯೆಂದು ಸುಳ್ಳು ಹೇಳಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತೆ. "ವೆಂಡಿಯ ಕೈ ಹಿಡಿದುಕೊಂಡು ಹೋಗಿ, ನನಗೂ ಸೇರಿಸಿ ನೋಡಿ ಬನ್ನಿ" ಎಂದೆ. ಇವರು ನನ್ನ ಮುಖದ ಕಡೆಗೆ ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಆಯ್ತು" ಎಂದು ಹೋದರು.

ಅಲ್ಲಿದ್ದಷ್ಟೂ ದಿನ ಹೀಗೆಯೇ. ನಾನು ಕ್ಯೋಟೋದಲ್ಲಿ ಕಂಡದ್ದು ಗೋಡೆಗಳನ್ನು. ಮಣ್ಣಿನ ಗೋಡೆ, ಮೇಲೆ ಹೆಂಚಿನ ಸಾಲು, ಬುಡದಲ್ಲಿ ನಮ್ಮ ಊರಿನ ಬಾವಿಕಟ್ಟೆಯಲ್ಲಿ ಇರುವಂಥ ಹಸಿರು ಪಾಚಿ. ಗೋಡೆಯಿಂದ ಹೊರಗೆ ಚಾಚಿದ ಕೊಂಬೆಗಳಲ್ಲಿ ಎಳೆ ಹಸಿರು ಚಿಗುರು, ಮಗುವಿನ ಅಂಗೈಯಷ್ಟು. ಒಂದು ಕಡೆ ಚಹಾದಂಗಡಿಯ ಅಜ್ಜಿ ನಾನು ಕಣ್ಣೊರೆಸುವುದನ್ನು ನೋಡಿ ಬಿಸಿ ಚಹಾ ತಂದು ಕೈಗೆ ಕೊಟ್ಟು ಹೋದಳು. ನನಗೆ ಅವಳ ಮಾತು ಬಾರದು, ಅವಳಿಗೆ ನನ್ನದು ಬಾರದು. ಅಷ್ಟರಲ್ಲಿ ಊರಿನಲ್ಲಿ ಭಾವನನ್ನು ಎತ್ತಿಯಾಗಿರಬೇಕು ಎಂದು ಲೆಕ್ಕ ಹಾಕುತ್ತಾ ಚಹಾ ಕುಡಿದೆ.

ಇವರು ಹೊರಗೆ ಬಂದು ಬೆಂಚಿನಲ್ಲಿ ನನ್ನ ಬದಿಯಲ್ಲಿ ಕುಳಿತು ಎಲ್ಲ ಹೇಳುತ್ತಿದ್ದರು. ಅದನ್ನೇ ನಿಮಗೆ ಬರೆಯಬೇಕಾದದ್ದು. ಬಿಳಿ ಜಲ್ಲಿಯ ಅಂಗಳವಂತೆ, ಅದರಲ್ಲಿ ಬಾಚಣಿಗೆಯಿಂದ ಬಾಚಿದಂತೆ ಗೆರೆಗಳು. ನಡುವೆ ಎಮ್ಮೆ ಮಲಗಿದ ಹಾಗೆ ಎರಡು ಕರಿಕಲ್ಲು, ಗೆರೆಗಳು ಕಲ್ಲಿನ ಸುತ್ತ ಬಳಸಿ ಹೋಗಿ ಮತ್ತೆ ನೇರವಾಗುತ್ತವಂತೆ. ಎಡಗಡೆಗೆ ಮರದ ಜಗಲಿ. ಮೂಲೆಯಲ್ಲಿ ಒಂದೇ ಒಂದು ಮರ, ಎಲೆಯೆಲ್ಲ ಕುಂಕುಮದಂತೆ ಕೆಂಪು, ನಾಲ್ಕು ಎಲೆ ಜಲ್ಲಿಯ ಮೇಲೆ ಬಿದ್ದಿವೆ, ಅದನ್ನು ಯಾರೂ ಗುಡಿಸಿಲ್ಲ. "ಅಣ್ಣ ಇರ್ಬೇಕಿತ್ತು" ಎಂದರು. ಭಾವ ಇದ್ದಾರೆಂದು ತಿಳಿದೇ ಹೇಳಿದ ಮಾತು ಅದು, ಪಾಪ, ಎಂದುಕೊಂಡೆ.

ಆ ಮೊದಲ ದಿನದ ಸಂಜೆ ರೂಮಿಗೆ ಬಂದವರೇ ಇವರೂ ತಲೆಗೆ ತಣ್ಣೀರು ಹೊಯ್ದುಕೊಂಡು ಮೀಯಬೇಕೇ! ನೆಗಡಿ ಹಿಡಿಯಿತು. "ಬೆಳಿಗ್ಗೆ ನನಗೆ ಹೇಳಿದ ಬುದ್ಧಿ ಎಲ್ಲಿ ಹೋಯಿತು?" ಎಂದು ಚೆನ್ನಾಗಿ ಬೈದೆ.

ಬಹರೈನಿಗೆ ಬಂದ ಮೇಲೆ ಕೂರಿಸಿ ಹೇಳಿದೆ. ಕೂಗಾಡುತ್ತಾರೆ, ನನಗೆ ಹೊಡೆದರೂ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಇವರು "ಹೌದಾ" ಎಂದು ನನ್ನ ಕೈ ಹಿಡಿದುಕೊಂಡು ಕುಳಿತರು. ಯಾವಾಗ, ಹೇಗೆ ಎಂದು ಒಂದು ಮಾತು ಕೇಳಲಿಲ್ಲ. ಆಘಾತವೆಂದರೆ ಹೀಗೆಯೇ ಇರಬೇಕು ಎಂದುಕೊಂಡೆ.

ಮತ್ತೆ ಊರಿನಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಊಟದ ಪಂಕ್ತಿಯಲ್ಲಿ ಯಾರೋ "ಅಣ್ಣ ಚಟ್ಟ ಏರುವಾಗ ತಮ್ಮ ಟೂರಿನಲ್ಲಿ" ಎಂದು ಪಿಸುಗುಟ್ಟಿದಾಗ ನೀವು ಕೋಣೆಯಿಂದ ಎದ್ದು ಬಂದು, "ನಾನೇ ಹೇಳ್ಬೇಡ ಅಂದದ್ದು. ಎಂತ ಕೇಳ್ಲಿಕ್ಕಿದ್ರೂ ನನ್ನತ್ರ ಕೇಳಿ" ಎಂದಿರಿ. ಆಮೇಲೆ ಇವರನ್ನು ಹತ್ತಿರ ಕೂರಿಸಿ, "ಕಣ್ತುಂಬ ನೋಡಿದಿಯಾ ವಸಂತ?" ಎಂದು ಕೇಳಿದಿರಿ. "ನೋಡಿದೆ ಅತ್ತಿಗೆ" ಎಂದು ಇವರು ಆ ಅಂಗಳ, ಆ ಕಲ್ಲು, ಆ ಕೆಂಪು ಮರ ಎಲ್ಲ ಹೇಳಿದರು. ನೀವು ಅಂದು ರಾತ್ರಿ ಒಂದು ತುತ್ತು ಗಂಜಿ ಉಂಡಿರಿ. ಅದನ್ನು ನೆನೆದಾಗಲೆಲ್ಲ ನನಗೆ ಸಮಾಧಾನ. ಭಾವನ ಮುಖ ನೋಡಲಾಗಲಿಲ್ಲ, ನಿಜ. ಅವರ ಆಸೆಯಾದರೂ ತಮ್ಮನ ಕಣ್ಣಲ್ಲಿ ತೀರಿತು. ನೀವು ಮಾಡಿದ ತ್ಯಾಗ ದಂಡವಾಗಲಿಲ್ಲ ಅಕ್ಕ.

ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಪಿ ಮಾತ್ರೆ ಮರೆಯಬೇಡಿ. ಯಶ್ವಂತನಿಗೆ ಈ ಚಿಕ್ಕಮ್ಮನ ಆಶೀರ್ವಾದ. ಅಪ್ಪನ ಅಂಗಡಿಯ ಬಾಗಿಲು ತೆರೆದಿಟ್ಟಿದ್ದಾನೆ, ಅವನಿಗೆ ದೇವರು ಒಳ್ಳೆಯದು ಮಾಡಲಿ. ನಿಮ್ಮ ಆಶೀರ್ವಾದ ನಮ್ಮ ಮೇಲೂ ಇರಲಿ.

ನಿಮ್ಮ
ಪಂಕಜಾಕ್ಷಿ

ಮತ್ತೆ ಸೇರಿಸಿದ್ದು:

ಅಕ್ಕ, ಕಾಗದ ಮುಗಿಸಿ ಎಂದಿನಂತೆ ಇವರಿಗೆ ಓದಿ ಹೇಳಿದೆ. ಓದಲು ಇವರಿಗೆ ಈಗ ಆಗುವುದಿಲ್ಲವಲ್ಲ. ಕೆಂಪು ಮರದ ಹತ್ತಿರ ಬಂದಾಗ "ನಿಲ್ಲಿಸು" ಎಂದರು.

"ಏಪ್ರಿಲಲ್ಲಿ ಆ ಮರ ಕೆಂಪಾಗುದಿಲ್ಲ ಪಂಕಜಾ" ಎಂದರು. "ನೀನೇ ಹೊರಗೆ ಹಸಿರು ಚಿಗುರು ನೋಡಿದ್ದೀ ಅಂತ ಬರ್ದಿದ್ದೀಯಲ್ಲ."

ಇವರ ಫೋನು ಬಂದ ಮೆಸೇಜನ್ನೆಲ್ಲ ಕಿವಿಯಲ್ಲಿ ಓದಿ ಹೇಳುತ್ತದೆ, ಕಣ್ಣಿಗೆಂದು ತೃಷಾಳೇ ಹಾಗೆ ಮಾಡಿಕೊಟ್ಟದ್ದು. ಅದು ನನಗೆ ನೆನಪಾಗಲೇ ಇಲ್ಲ. ಮೊದಲ ತೋಟಕ್ಕೆ ಹೋಗುವ ಬಸ್ಸಿನಲ್ಲೇ ಇಬ್ರಾಹಿಮನ ಮೆಸೇಜು ಬಂದಿತ್ತಂತೆ: ನಿಮ್ಮಣ್ಣ ಹರಿಹರಣ್ಣ ತೀರಿಕೊಂಡ ಸುದ್ದಿ ಕೇಳಿದೆ, ಧೈರ್ಯ ತೆಗೆದುಕೊಳ್ಳಿ. ನಾನು ಬದಿಯ ಸೀಟಿನಲ್ಲಿ ಕುಳಿತು ಇವರಿಗೆ ಕಿಟಕಿಯ ಹೊರಗಿನ ಹೂವು ತೋರಿಸುತ್ತಾ ನಗುತ್ತಿದ್ದೆ.

"ಅಣ್ಣನ ಸೂತಕ ಇಟ್ಟುಕೊಂಡು ನಾನು ಹೇಗೆ ಒಳಗೆ ಹೋಗುದು?" ಎಂದರು. ನಿಧಾನ ಬರುತ್ತೇನೆಂದು ವೆಂಡಿಯನ್ನು ಮುಂದೆ ಕಳುಹಿಸಿ, ಹೆಬ್ಬಾಗಿಲ ಒಳಗೆ ಗುಡಿಯ ಮೆಟ್ಟಿಲಿನ ಹತ್ತಿರ ಎಲ್ಲರೂ ಚಪ್ಪಲಿ ಬಿಡುವ ಕಡೆ ಕುಳಿತಿದ್ದರಂತೆ. ಅಷ್ಟೂ ದಿನ, ಎಲ್ಲ ಕಡೆಯೂ. ಗೋಡೆಯ ಈಚೆ ನಾನು, ಆಚೆ ಇವರು. ಹೇಳಬಾರದಿತ್ತೇ ಎಂದು ಕೂಗಿದೆ. "ನೀನು ನನ್ನ ಕಣ್ಣಿಗೋಸ್ಕರ ಹೊರಗೆ ಕೂತದ್ದು. ನಾನು ನೋಡ್ಲಿಲ್ಲ ಅಂದ್ರೆ ಅದು ದಂಡ ಆಗ್ತಿತ್ತು. ಅತ್ತಿಗೆಯ ಎದುರಿಗಂತೂ ಇಲ್ಲ ಅಂತ ಹೇಳ್ಲಿಕ್ಕೆ ಬಾಯೇ ಬರ್ಲಿಲ್ಲ" ಎಂದು ಅತ್ತರು. ಅಣ್ಣ ಹೋದ ಮೇಲೆ ಇವರು ಅತ್ತದ್ದನ್ನು ನಾನು ನೋಡಿದ್ದು ಇವತ್ತೇ.

ಈ ಕಾಗದ ಹರಿಯೋಣವೆಂದು ಎದ್ದೆ. ಇವರೇ ಬೇಡವೆಂದರು, ಅತ್ತಿಗೆಗೆ ಇನ್ನು ಸುಳ್ಳು ಬೇಡ ಎಂದರು. ಭಾವನ ಫೋಟೋದ ಎದುರು ಎಷ್ಟು ಓದುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ, ಅದು ನಿಮಗೆ ಬಿಟ್ಟದ್ದು.

ಅಂಗಡಿಯ ಗೋಡೆಯ ಆ ಕ್ಯಾಲೆಂಡರು ಇನ್ನೂ ಉಂಟಲ್ಲ ಅಕ್ಕ? ಯಶ್ವಂತ ಸುಣ್ಣ ಬಳಿಸುವಾಗ ತೆಗೆದು ಬಿಸಾಡದ ಹಾಗೆ ನೋಡಿಕೊಳ್ಳಿ. ಇವರು ನೋಡಿದ್ದು ಅದೊಂದನ್ನೇ.