ಹೊಸ್ತಿಲ ಬಳಿಯ ಗೆರೆ

ಅಪ್ಪ ಎನ್ನಿಸಿಕೊಂಡವರಿಗೆ,

ನಿಮ್ಮ ವಿಳಾಸ ಗೊತ್ತಿದೆ. ಆದರೂ ಇದನ್ನು ಕಳಿಸುವುದಿಲ್ಲ. ಅಂಚೆಯವನಿಗೆ ಸುಮ್ಮನೆ ಯಾಕೆ ತೊಂದರೆ?

ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರ ತರಬೇತಿಗೆ ಸೇರಬೇಕೆಂದು ಇವತ್ತು ಎರಡು ಕಾಲೇಜು ನೋಡಿಬಂದೆ. ಮೊದಲನೆಯದರಲ್ಲಿ ಗಾಜಿನ ಕಟ್ಟಡ, ಹೊಳೆಯುವ ಯಂತ್ರ; ರೋಗಿ ಮಾತ್ರ ಒಬ್ಬರೂ ಇಲ್ಲ. ಎರಡನೆಯದು ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಅಲ್ಲಿ ಪಾಠ ಮಾಡುವ ಮೇಡಂ ಸೀಸದ ಡಬ್ಬಿಯಿಂದ ಸಿರಿಂಜ್ ತೆಗೆದು, ಮೂಳೆ ಸ್ಕ್ಯಾನಿಗೆ ಬಂದವರೊಬ್ಬರಿಗೆ ವಿಕಿರಣದ ಔಷಧಿ ಚುಚ್ಚಿದರು. "ನೀರು ಚೆನ್ನಾಗಿ ಕುಡೀರಿ. ಇವತ್ತೊಂದಿನ ಮಗೂನ ಎತ್ಕೋಬೇಡಿ. ನಾಳೆಯಿಂದ ಧಾರಾಳವಾಗಿ ಮುದ್ದಾಡಿ" ಎಂದರು.

"ತಿಂಗಳುಗಟ್ಟಲೆ ದೂರ ಇರಬೇಕಲ್ವಾ ಮೇಡಂ?" ಎಂದೆ.

"ಯಾರಮ್ಮಾ ನಿನ್ನ ಕಿವಿ ಮೇಲೆ ಹೂವಿಟ್ಟಿದ್ದು?" ಎಂದು ನಕ್ಕರು.

ನೀವು. ಇದೇ ಸ್ಕ್ಯಾನ್ ಮಾಡಿಸಿಕೊಂಡು ಬಂದು, "ಮೈಯಲ್ಲಿ ವಿಕಿರಣ ಇದೆ ಪುಟ್ಟಿ, ನಿನಗೆ ತಾಗುತ್ತೆ. ಕೆಲವು ತಿಂಗಳು ಬೇರೆ ಕಡೆ ಇರೋಕೆ ಹೇಳಿದ್ದಾರೆ" ಎಂದು ಪೆಟ್ಟಿಗೆ ಎತ್ತಿಕೊಂಡಿರಿ. ನಾನು ಹೊಸ್ತಿಲ ಬಳಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ಈಚೆ ನಿಂತು ಕೈ ಬೀಸಿದೆ. ಗೆರೆ ಅಳಿಸಿಹೋದಾಗಲೆಲ್ಲ ಮತ್ತೆ ಎಳೆದೆ, ಬಂದಾಗ ಎಲ್ಲಿ ನಿಲ್ಲಬೇಕೆಂದು ನಿಮಗೆ ತಿಳಿಯಲಿ ಎಂದು. ಆ 'ಬೇರೆ ಕಡೆ'ಯಲ್ಲೂ ಒಂದು ಮಗು ಇತ್ತಂತೆ. ಅದಕ್ಕೆ ವಿಕಿರಣ ತಾಗಲಿಲ್ಲವೇನೋ.

ನೆಲಮಾಳಿಗೆಯ ಕಾಲೇಜಿಗೇ ಸೇರುತ್ತಿದ್ದೇನೆ. ನಾಳೆಯಿಂದ ಎತ್ತಿಕೊಳ್ಳಬಹುದು ಎಂಬ ಮಾತನ್ನು ಅಪ್ಪಂದಿರಿಗೆ ಗಟ್ಟಿಯಾಗಿ ಹೇಳುತ್ತೇನೆ, ಹೊರಗೆ ಕಾಯುವ ಮಕ್ಕಳಿಗೂ ಕೇಳುವ ಹಾಗೆ.

ಇಂತಿ,
ಗೆರೆಯ ಈಚೆಗಿನವಳು