ಮೂರನೆಯ ಕುರ್ಚಿ

ಮಾರ್ಚ್ 7, ಶುಕ್ರವಾರ

ಮಾಂಸವಿಲ್ಲದ ದಿನ. ಮಧ್ಯಾಹ್ನದ ತನಕ ಬರೀ ಕಪ್ಪು ಕಾಫಿ — ಅದು ಚರ್ಚಿನ ನಿಯಮವಲ್ಲ, ನನ್ನದು. ಬೆಳಿಗ್ಗೆ ಹೊರಗೆ ಹೋದರೆ ಹೊಸ ಕರು ಎರಡು. ಒಂದು ಎದ್ದು ಮೊಲೆ ಹುಡುಕುತ್ತಿತ್ತು. ಇನ್ನೊಂದರ ಕಿವಿ ಚಳಿಗೆ ಮರಗಟ್ಟಿತ್ತು. ಅದನ್ನು ತಂದು ಒಲೆಯ ಪಕ್ಕ ಮಲಗಿಸಿದೆ. ಮಗಳು ಆ್ಯಗ್ನೆಸ್ ಅದನ್ನು ದಾಟಿಕೊಂಡೇ ಶಾಲೆಗೆ ಹೋದಳು. ತೊಟ್ಟಿಯ ಮಂಜುಗಡ್ಡೆ ಒಡೆದೆ, ಕೋಳಿಗೆ ಹಾಕಿದೆ, ಹಿಟ್ಟು ನಾದಿಟ್ಟೆ.

ಸಂಜೆ ಚರ್ಚಿನ ಹಾಲ್‌ನಲ್ಲಿ ಮೀನಿನ ಊಟ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರದ ಹಾಗೆ ಇಡೀ ಊರು ಅಲ್ಲಿ. ಬೇರೆ ಚರ್ಚಿನ ಲುಥೆರನ್‌ರೂ ಬರುತ್ತಾರೆ, ಅವರಿಗೆ ಉಪವಾಸವಿಲ್ಲ, ಹಸಿವು ಮಾತ್ರ ಇರುತ್ತದೆ. ನಾನು ಒಳಗೆ ಮೀನು ಕರಿಯುವ ಪಾಳಿಯಲ್ಲಿದ್ದೆ.

ಊರಿನ ಶಾಲೆ ನಡೆಸುವ ಸ್ಕೂಲ್ ಬೋರ್ಡಿನ ನಾವು ಐದು ಮಂದಿ ಯಾವತ್ತೂ ದೂರದೂರವೇ ಕೂರುವುದು. ಹೆಣದ ಮನೆಯಲ್ಲೂ ಅಷ್ಟೆ. ಮೂವರು ಒಂದೆಡೆ ಸೇರಿ ಶಾಲೆಯ ಮಾತೆತ್ತಿದರೆ ಕಾನೂನಿನ ಪ್ರಕಾರ ಅದೇ ಸಭೆ. ಊರಿಗೆ ಮೊದಲೇ ತಿಳಿಸಿರಬೇಕು, ಬಾಗಿಲು ತೆರೆದಿರಬೇಕು. "ನಿಮ್ಮ ಬೋರ್ಡ್‌ನವರು ಮದುವೇಲಿ ಮುನಿಸಿಕೊಂಡ ಬೀಗರ ಥರ ಕಣೇ, ಒಬ್ರು ಬಾಗಿಲ ಹತ್ರ, ಒಬ್ರು ಒಲೆ ಹತ್ರ" ಎಂದು ಗಂಡ ಕ್ಲೆಮ್ ಹಾಸ್ಯ ಮಾಡುತ್ತಾನೆ.

ಇವತ್ತು ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ತುಂಬಿತ್ತು. ಕ್ಲೆಮ್‌ನ ದಾಯಾದಿ, ನಮ್ಮ ಬೋರ್ಡಿನ ಅಧ್ಯಕ್ಷ ಜೆರಾರ್ಡ್ ಕೈ ಬೀಸಿದ. "ಇಲ್ಲಿ ಬಾ ಲಿಯೋನಾ, ಮೀನು ತಣ್ಣಗಾಗುತ್ತೆ." ಅವನ ಎದುರಿಗೆ ಡಾರ್ಲಾ. ಅವಳೂ ಬೋರ್ಡ್. ಮೂರನೆಯ ಕುರ್ಚಿ ಖಾಲಿ. ಬೆಳಿಗ್ಗೆಯಿಂದ ನಿಂತೇ ಇದ್ದೆ. ಕೂತೆ.

ಕರುವಿನ ಮಾತು, ಹಿಮದ ಮಾತು. ಆಮೇಲೆ ಜೆರಾರ್ಡ್ ದನಿ ತಗ್ಗಿಸಿದ. "ಸೋಮವಾರ ಹೈಸ್ಕೂಲ್ ಮುಚ್ಚೋ ಮಾತು ಬರುತ್ತೆ. ನಾವು ಮೂವರು ಗಟ್ಟಿಯಾಗಿದ್ರೆ ಇನ್ನೊಂದು ವರ್ಷ ಉಳಿಯುತ್ತೆ. ಏನಂತೀರಾ?"

ಡಾರ್ಲಾ ಅವನ ಮುಖ ನೋಡಿ ಹೂಂ ಎಂದಳು. ನನ್ನ ಬಾಯಲ್ಲಿ ಮೀನಿತ್ತು. ತಲೆಯಾಡಿಸಿದೆ.

ಮಾರ್ಚ್ 10, ಸೋಮವಾರ

ಸಭೆ ಲೈಬ್ರರಿಯಲ್ಲಿ, ಚಿಕ್ಕ ಮಕ್ಕಳ ಕುರ್ಚಿಗಳ ಮೇಲೆ. ಬೋರ್ಡಿನ ಹಿರಿಯ ಆರ್ವಿಲ್‌ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಜನ ಈ ಸಲ ಗೋಡೆಯವರೆಗೂ ನಿಂತಿದ್ದರು.

ಶಾಲೆಯ ಸೂಪರಿಂಟೆಂಡೆಂಟ್ ಹೌಗನ್ ಆಗಷ್ಟೇ ಶಾಲೆಯ ಬಸ್ ಓಡಿಸಿ ಬಂದವರು, ಟೋಪಿ ಕೂಡ ತೆಗೆದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುಂದಿನ ವರ್ಷ ಹೈಸ್ಕೂಲಿನ ನಾಲ್ಕೂ ತರಗತಿ ಸೇರಿ ಹತ್ತೊಂಬತ್ತು ಮಕ್ಕಳು. ಗಣಿತದ ಮೇಷ್ಟ್ರು ಬಿಟ್ಟು ಹೋಗುತ್ತಿದ್ದಾರೆ, ಜಾಹೀರಾತು ಹಾಕಿದರೆ ಒಬ್ಬರೂ ಬರಲಿಲ್ಲ. ರಸಾಯನಶಾಸ್ತ್ರ ಈಗಲೇ ಟೀವಿ ಪರದೆಯಲ್ಲಿ. ದೊಡ್ಡ ಮಕ್ಕಳನ್ನು ಹಾರ್ಲೋ ಊರಿನ ಶಾಲೆಗೆ ಬಸ್ಸಿನಲ್ಲಿ ಕಳಿಸಬಹುದು. ಅವರು ತಗೊಳ್ಳುತ್ತಾರೆ. ಚಿಕ್ಕವರು ಇಲ್ಲೇ ಇರಲಿ.

"ಪರೀಕ್ಷೆ ಫಲಿತಾಂಶ ಎಲ್ಲಿ?" ಎಂದ ಆರ್ವಿಲ್.

"ಹತ್ತಕ್ಕಿಂತ ಕಡಿಮೆ ಮಕ್ಕಳಿರೋ ಕ್ಲಾಸಿಗೆ ರಾಜ್ಯದವರು ಅಂಕಿ ಹಾಕಲ್ಲ, ನಕ್ಷತ್ರದ ಗುರುತು ಹಾಕ್ತಾರೆ."

"ಅಂದ್ರೆ ನಮ್ಮ ಮಕ್ಕಳು ಜಾಣರಾ ದಡ್ಡರಾ ಅಂತ ಕೇಳಿದ್ರೆ ಸರ್ಕಾರ ಆಕಾಶ ತೋರಿಸುತ್ತೆ!"

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮುಚ್ಚಬೇಕೆಂದು ಆರ್ವಿಲ್ ಮತ್ತು ಅವನ ಭಾವಮೈದ ಲಾಯ್ಡ್. ಬೇಡವೆಂದು ಜೆರಾರ್ಡ್, ಡಾರ್ಲಾ, ನಾನು. ಉಳಿಯಿತು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ನನ್ನ ಕೆನ್ನೆಗೆ ಮುತ್ತಿಟ್ಟಳು. ಡಾರ್ಲಾ ಯಾರನ್ನೂ ನೋಡದೆ ಕೋಟು ಹಾಕಿಕೊಂಡು ಹೋದಳು.

ಆ್ಯಗ್ನೆಸ್‌ಗೆ ಮುಂದಿನದು ಕೊನೆಯ ವರ್ಷ. ಅವಳ ಅಕ್ಕಂದಿರು, ನಾನು, ನನ್ನ ಅಮ್ಮ ಎಲ್ಲ ಅದೇ ಕಟ್ಟಡದಿಂದ ಹೊರಬಂದವರು. ದೇವರ ದಯೆ.

ಮಾರ್ಚ್ 21, ಶುಕ್ರವಾರ

ಉಪವಾಸ. ಏಳು ಕರು ಆಯಿತು ಈ ವಾರ, ಬರೆಯಲು ಬಿಡುವಿಲ್ಲ.

ಮಧ್ಯಾಹ್ನ ಆರ್ವಿಲ್ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತ.

"ಬೇರೆಯವರ ಬಾಯಲ್ಲಿ ಕೇಳೋದು ಬೇಡ ಅಂತ ಬಂದೆ ಲಿಯೋನಾ. ರಾಜ್ಯದ ವಕೀಲರ ಕಚೇರಿಗೆ ದೂರು ಕೊಟ್ಟಿದೀನಿ. ಆ ಶುಕ್ರವಾರ ನೀವು ಮೂವರೂ ಒಂದೇ ಮೇಜಲ್ಲಿ ಕೂತಿದ್ರಿ."

"ಊಟ ಮಾಡ್ತಿದ್ವಿ."

"ಊಟ ಮಾಡೋವಾಗ ಜೆರಾರ್ಡ್ ದನಿ ತಗ್ಗಿಸಲ್ಲ. ಮೀನು ಬೇಕು ಅಂದ್ರೂ ಊರಿಗೆಲ್ಲ ಕೇಳೋ ಹಾಗೆ ಕೂಗ್ತಾನೆ."

ನನಗೆ ನಗು ಬಂತು, ತಡೆದುಕೊಂಡೆ. "ನಿನಗೆ ನಮ್ಮ ಶಾಲೆ ಮೇಲೆ ಯಾಕಿಷ್ಟು ಸಿಟ್ಟು?"

"ಸಿಟ್ಟಾ? ನನ್ನ ಮೊಮ್ಮಗಳು ಇಲ್ಲಿ ಎಲ್ಲದರಲ್ಲೂ ಮೊದಲು. ಕಾಲೇಜಿಗೆ ಹೋದ ವರ್ಷ ಗಣಿತ ಗೊತ್ತಾಗದೆ ಅಳ್ತಾ ಫೋನ್ ಮಾಡಿದ್ಲು." ಟೋಪಿ ಸರಿಮಾಡಿಕೊಂಡ. "ಸೋತಿದ್ದಕ್ಕೆ ಬೇಜಾರಿಲ್ಲ. ಊರೆಲ್ಲ ಆ ಚಿಕ್ಕ ಕುರ್ಚೀಲಿ ಕೂತು ವಾದ ಮಾಡ್ತು. ತೀರ್ಮಾನ ಆಗ್ಲೇ ಆಗೋಗಿತ್ತು. ಅದಕ್ಕೆ ಬೇಜಾರು."

ಸಂಜೆ ಮೀನಿನ ಊಟಕ್ಕೆ ಹೋದೆ. ಅಡುಗೆಮನೆಯಲ್ಲೇ ನಿಂತು ತಿಂದೆ.

ಮಾರ್ಚ್ 26, ಬುಧವಾರ

ಆರ್ವಿಲ್‌ನ ದೂರಿನ ಬಗ್ಗೆ ಶಾಲೆಯ ಆಫೀಸಿನಿಂದ ಪತ್ರ ಬಂತು. ಆ ದಿನ ಆ ಮೇಜಿನಲ್ಲಿ ಶಾಲೆಯ ವಿಷಯ ಮಾತಾಡಿದಿರಾ? ಮೂವರೂ ಬೇರೆ ಬೇರೆ ಬರೆದು ಕೊಡಬೇಕು, ಮುಂದಿನ ಶುಕ್ರವಾರದೊಳಗೆ. ಮಾತಾಡಿದ್ದು ನಿಜವಾದರೆ ಮತ ರದ್ದಾಗಬಹುದು, ಎಲ್ಲರೆದುರು ಮತ್ತೆ ಸಭೆ ಮಾಡಬೇಕಾಗಬಹುದು ಎನ್ನುತ್ತಾರೆ ಹೌಗನ್.

ಜೆರಾರ್ಡ್ ಫೋನ್ ಮಾಡಿದ. "ಕರು ಮಾತಾಡಿದ್ವಿ, ಹಿಮ ಮಾತಾಡಿದ್ವಿ. ಅದೇನು ಸುಳ್ಳಲ್ಲವಲ್ಲ?"

"ಸುಳ್ಳಲ್ಲ. ಅಷ್ಟೇ ಅಲ್ಲ."

"ಅಷ್ಟೇ ಅಂತ ಬರಿ ಸಾಕು. ನೀನು ತಲೆಯಾಡಿಸಿದೆ, ಬಾಯಿ ಬಿಡಲೇ ಇಲ್ಲ. ತಲೆಯಾಡಿಸೋದು ಮಾತಾ?"

ಫೋನ್ ಇಟ್ಟ ಮೇಲೂ ಅದೇ ಯೋಚನೆ. ನನ್ನ ಮದುವೆಯಲ್ಲಿ ಫಾದರ್ ಒಪ್ಪಿಗೆ ಕೇಳಿದಾಗ ಅಳು ಬಂದು ನನಗೆ ದನಿಯೇ ಹೊರಡಲಿಲ್ಲ. ತಲೆಯಾಡಿಸಿದ್ದೆ. ಅದು ಮಾತೇ ಆಗಿತ್ತು.

ಮಾರ್ಚ್ 30, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಡಾರ್ಲಾ ನನ್ನ ಕಾರಿನೊಳಗೆ ಬಂದು ಕೂತಳು. ನಾವು ಇಬ್ಬರೇ. ಇಬ್ಬರು ಮಾತಾಡಬಹುದು.

"ನಾನು ಮುಚ್ಚೋಣ ಅಂತಲೇ ಇದ್ದೆ ಅಕ್ಕಾ. ನನ್ನ ಮಗ ಆ ಟೀವಿ ಮುಂದೆ ನಿದ್ದೆ ಹೊಡೀತಾನೆ. ಅವನಿಗೆ ಎದುರಿಗೆ ನಿಂತು ಗದರಿಸೋ ಮೇಷ್ಟ್ರು ಬೇಕು. ಜೆರಾರ್ಡ್ ಮುಖ ನೋಡಿ ಹೂಂ ಅಂದ್ಬಿಟ್ಟೆ. ಸೋಮವಾರ ಹಿಂದೆ ಸರಿಯೋಕೆ ನಾಚಿಕೆ ಆಯ್ತು."

"ಮತ್ತೆ ಮತ ಹಾಕಿದ್ರೆ?"

"ಹಾರ್ಲೋಗೆ ಹೋಗಲಿ ಅಂತೀನಿ." ಕೈಗವಸು ತಿರುಚುತ್ತಿದ್ದಳು. "ಆದ್ರೆ ಜೆರಾರ್ಡ್ ಹೇಳಿದ ಹಾಗೇ ಬರೆದುಕೊಟ್ಟಿದೀನಿ. ಅವನು ನಮ್ಮೆಜಮಾನ್ರಿಗೆ ಕೆಲಸ ಕೊಟ್ಟವನು. ನೀವು ಏನು ಬರೀತೀರಾ?"

ಗೊತ್ತಿಲ್ಲ ಎಂದೆ. ಗೊತ್ತಿತ್ತು. 

ಏಪ್ರಿಲ್ 2, ಬುಧವಾರ

ಆ್ಯಗ್ನೆಸ್‌ಗೆ ಯಾರೋ ಪತ್ರದ ವಿಷಯ ಹೇಳಿದ್ದಾರೆ. ಊಟಕ್ಕೆ ಕೂತವಳು ಚಮಚ ಮುಟ್ಟಲಿಲ್ಲ.

"ನೀನು ಬರೆಯೋದು ಒಂದು ಸಾಲು ಅಮ್ಮ. ಒಂದು ಸಾಲಿಗೆ ನಮ್ಮ ಇಡೀ ಶಾಲೆ ಹೋಗುತ್ತಾ?"

"ಹಾರ್ಲೋಗೆ ಬಸ್ಸಲ್ಲಿ ಒಂದು ಗಂಟೆ. ಅಷ್ಟೇ ಅಲ್ವಾ?"

"ಬಸ್ಸಲ್ಲ! ಅಲ್ಲಿ ವಾಲಿಬಾಲ್ ಟೀಮಲ್ಲಿ ನನ್ನನ್ನ ಬೆಂಚಲ್ಲಿ ಕೂರಿಸ್ತಾರೆ. ಇಲ್ಲಿ ನಾವು ಆರೇ ಜನ ಹುಡುಗೀರು, ನನಗೆ ಜ್ವರ ಬಂದ್ರೆ ಆಟವೇ ನಿಲ್ಲುತ್ತೆ. ನಾನಿಲ್ಲದಿದ್ರೆ ನಡೆಯಲ್ಲ ಅನ್ನೋ ಜಾಗ ಇನ್ನೆಲ್ಲಿದೆ ನನಗೆ?"

ಕ್ಲೆಮ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ತಟ್ಟೆ ತೊಳೆದೆ. ಜಪಸರ ಹಿಡಿದು ಕೂತೆ. ಎಷ್ಟು ಮಣಿ ದಾಟಿತೋ, ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಮನಸ್ಸು ಶಾಲೆಯ ಜಿಮ್ನಾಸಿಯಮ್ಮಿನ ಗೋಡೆಯ ಮೇಲಿದ್ದ ಫೋಟೋಗಳನ್ನು ನೋಡುತ್ತಿತ್ತು. ನನ್ನ ಅಮ್ಮ ಮೇಲಿನ ಸಾಲಿನಲ್ಲಿ, ಎಡದಿಂದ ಎರಡನೆಯವಳು.

ಏಪ್ರಿಲ್ 4, ಶುಕ್ರವಾರ, ಬೆಳಿಗ್ಗೆ

ಉಪವಾಸ. ಕಾಫಿ ಮಾತ್ರ. ಹಿಮ ಕರಗಿ ಅಂಗಳವೆಲ್ಲ ಕೆಸರು. ಕೆಂಪು ಹಸು ನೋವು ತಿನ್ನುತ್ತಿದೆ, ಮೊದಲ ಕರು. ಕ್ಲೆಮ್ ಪಿಕಪ್ ತಗೊಂಡು ಪಶುವೈದ್ಯರನ್ನು ಕರೆತರಲು ಹೋದ.

ಉತ್ತರ ಬರೆದೆ. ಮೂವರೂ ಕೂತಿದ್ದೆವು. ಶಾಲೆಯ ಮಾತಾಡಿದೆವು. ಜೆರಾರ್ಡ್ ಕೇಳಿದ, ಡಾರ್ಲಾ ಹೂಂ ಅಂದಳು, ನಾನು ತಲೆಯಾಡಿಸಿದೆ. ಹೈಸ್ಕೂಲ್ ಉಳಿಯಬೇಕೆಂಬುದೇ ಈಗಲೂ ನನ್ನ ಆಸೆ, ಮತ್ತೆ ಕೇಳಿದರೂ ಅದಕ್ಕೇ ಕೈ ಎತ್ತುತ್ತೇನೆ. ಇಷ್ಟೆ. ಸಹಿ ಮಾಡಿ ಲಕೋಟೆಗೆ ಹಾಕಿ ಅಂಟಿಸಿದೆ. ಆ್ಯಗ್ನೆಸ್ ಶಾಲೆಗೆ ಹೊರಟವಳು ನೋಡಿದಳು. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು. ಧಡಾರನೆ ಹಾಕಿದ್ದರೆ ವಾಸಿಯಿತ್ತು.

ಈಗಷ್ಟೇ ಜೆರಾರ್ಡ್ ಫೋನ್. "ಮೂವರದ್ದೂ ನಾನೇ ಒಟ್ಟಿಗೆ ಆಫೀಸಿಗೆ ಕೊಡ್ತೀನಿ. ಇನ್ನು ಸ್ವಲ್ಪ ಹೊತ್ತಲ್ಲಿ ಬರ್ತೀನಿ. ಅಂಟಿಸಬೇಡ ಲಿಯೋನಾ, ಏನಾದ್ರೂ ತಿದ್ದೋದಿದ್ರೆ ಕೂತು ತಿದ್ದೋಣ."

ಅವನು ಬಂದು ಈ ಮೇಜಿನೆದುರು ಕೂತರೆ, ಕಾಫಿ ಕೊಡುತ್ತೇನೆ. ಆ್ಯಗ್ನೆಸ್ ಹೆಸರೆತ್ತುತ್ತಾನೆ. ನನ್ನ ತಲೆಯನ್ನು ನಾನು ಬಲ್ಲೆ, ಅದು ಸುಲಭವಾಗಿ ಆಡುತ್ತದೆ.

ಆರ್ವಿಲ್ ಈ ಹೊತ್ತಿಗೆ ದಿನಾ ಊರೊಳಗೆ ಕಾಫಿಗೆ ಹೋಗುತ್ತಾನೆ. ಅವನಿಗೇ ಫೋನ್ ಮಾಡಿದೆ. ಹಸು ಬಿಟ್ಟು ನಾನು ಹೋಗುವಂತಿಲ್ಲ, ಬೇರೆ ಯಾರಿದ್ದಾರೆ ಈ ರಸ್ತೆಯಲ್ಲಿ.

"ನನ್ನ ದೂರಿನ ಉತ್ತರಾನ ನನ್ನ ಕೈಲೇ ಆಫೀಸಿಗೆ ಒಯ್ಯಿಸ್ತೀಯಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಏನು ಬರೆದಿದೀಯ ಅಂತ ಕೇಳಲ್ಲ."

"ಕೇಳಬೇಡ. ಬೇಗ ಬಾ. ಹಸು ಕೂಗ್ತಿದೆ, ನಾನು ಕೊಟ್ಟಿಗೇಲಿರ್ತೀನಿ. ಹಿಂದಿನ ಬಾಗಿಲು ತೆಗೆದೇ ಇದೆ. ಉತ್ತರ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ. ನನ್ನನ್ನ ಕರೀಬೇಡ, ತಗೊಂಡು ಹೋಗಿಬಿಡು. ಜೆರಾರ್ಡ್ ಮೊದಲು ಬಂದ್ರೆ ನಾನು ಮತ್ತೆ ತಲೆಯಾಡಿಸಿಬಿಡ್ತೀನಿ."