ಎದುರುಮನೆಯ ಹೆಪ್ಪು

ಏಳನೇ ಗೋಪುರ, ಮೂವತ್ತಮೂರನೇ ಮಹಡಿ,
ರಾಣೆಬೆನ್ನೂರು.
ಫೆಬ್ರವರಿ ೩೦, ೨೧೮೭

ಎದುರುಮನೆ ಇರುವ ಎಲ್ಲ ಹಿರಿಯರಿಗೆ,

ತಾರೀಖು ನೋಡಿ ಕೈತಪ್ಪು ಅಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಇಲ್ಲದ ಈ ದಿನವನ್ನು ನಮ್ಮ ಸರ್ಕಾರ ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಹೊಲಿದು ಮಾಡಿದೆ. ಹೆಸರು ಭೇಟಿಹಬ್ಬ. ವರ್ಷಕ್ಕೊಮ್ಮೆಯಾದರೂ ಜನ ಅಕ್ಕಪಕ್ಕದ ಬಾಗಿಲು ತಟ್ಟಲಿ, ಒಬ್ಬರ ಮುಖ ಒಬ್ಬರು ನೋಡಲಿ ಎಂದು ಕೊಟ್ಟ ರಜೆ. ಜನ ರಜೆಯನ್ನು ಸಂತೋಷದಿಂದ ಸ್ವೀಕರಿಸಿ, ಬಾಗಿಲು ಭದ್ರಪಡಿಸಿಕೊಂಡು ಮಲಗುತ್ತಾರೆ.

ಭಾಷೆಗೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕನ್ನಡವನ್ನು ನಾನು ಹಳೆಯ ಪಠ್ಯಪುಸ್ತಕಗಳಿಂದಲೂ ಅವ್ವನ ಬಾಯಿಂದಲೂ ಕಲಿತಿದ್ದೇನೆ. ಆದ್ದರಿಂದ ಒಂದು ವಾಕ್ಯ ಮೇಷ್ಟ್ರ ಹಾಗೆ, ಇನ್ನೊಂದು ಅಡುಗೆಮನೆಯ ಹಾಗೆ ಕೇಳಬಹುದು. ನಡುವೆ ಪ್ರಾಸ ಕಂಡರೆ ಸಹಿಸಿಕೊಳ್ಳಿ. ಅದು ನನ್ನ ಹಳೆಯ ಚಟ. ಹೊಟ್ಟೆಪಾಡೂ ಅದರಿಂದಲೇ ಆಯಿತು, ಹಾಳಾದದ್ದೂ ಅದರಿಂದಲೇ.

ನಮ್ಮಲ್ಲಿ ಯಾರೂ ಯಾರೊಂದಿಗೂ ನೇರವಾಗಿ ಮಾತಾಡುವುದಿಲ್ಲ. ಗಂಟಲ ಗುಳಿಯಲ್ಲಿ ಅಂಟಿಸಿಕೊಂಡ ಒಂದು ಗುಂಡಿ ನಮ್ಮ ಪರವಾಗಿ ಮಾತಾಡುತ್ತದೆ. ಅದಕ್ಕೆ ನಡುಬಾಯಿ ಎನ್ನುತ್ತೇವೆ. ನನಗೆ ಉಪ್ಪು ಬೇಕಾದರೆ ನನ್ನ ನಡುಬಾಯಿ ಅಂಗಡಿಯವನ ನಡುಬಾಯಿಗೆ ಹೇಳುತ್ತದೆ. ಅಷ್ಟು ಹೊತ್ತೂ ನಾವಿಬ್ಬರು ಬೇರೆ ಬೇರೆ ಗೋಡೆ ನೋಡುತ್ತಾ ನಿಂತಿರುತ್ತೇವೆ. ಒಳ್ಳೆಯ ಯಂತ್ರ. ತೊದಲುವುದಿಲ್ಲ, ಬೆವರುವುದಿಲ್ಲ, ಆ ಕಡೆಯಿಂದ ಒಮ್ಮೆ ‘ಇಲ್ಲ’ ಬಂದರೆ ಮತ್ತೆ ಕೇಳಿ ಪೀಡಿಸುವುದಿಲ್ಲ. ನನ್ನ ಮದುವೆಯ ಮಾತುಕತೆ ಮುಗಿಸಿದ್ದು ಅದೇ, ಬಿಡುಗಡೆಯ ಮಾತುಕತೆ ಮುಗಿಸಿದ್ದೂ ಅದೇ. ಎರಡು ಸಲವೂ ಎಲ್ಲ ಮುಗಿದ ಮೇಲೆ ನನಗೆ ಸುದ್ದಿ ಮುಟ್ಟಿಸಿತು.

ಭೇಟಿಹಬ್ಬದ ದಿನ ಮಾತ್ರ ನಡುಬಾಯಿಗಳು ಬಂದ್. ಆ ಒಂದು ದಿನಕ್ಕೆ ಜನರನ್ನು ತಯಾರು ಮಾಡುವುದು ನನ್ನ ಉದ್ಯೋಗ. ನಾನು ಬಾಗಿಲು ಮೇಷ್ಟ್ರು. ಇಪ್ಪತ್ತನೇ ಮಹಡಿಯ ದೊಡ್ಡ ಸಭಾಂಗಣದಲ್ಲಿ ಹನ್ನೊಂದು ಬಾಗಿಲು ನಿಲ್ಲಿಸಿದ್ದೇವೆ. ಚೌಕಟ್ಟು ಇದೆ, ಚಿಲಕ ಇದೆ, ಹಿಂದೆ ಮನೆ ಇಲ್ಲ. ಕಲಿಯುವವರು ನಾಚಿಕೆಗೆ ಮುಖದ ಮೇಲೆ ತೆಳುವಾದ ಪರದೆ ಬಿಟ್ಟುಕೊಂಡು ಬರುತ್ತಾರೆ. ಯಾರು ಯಾರೆಂದು ನನಗೂ ತಿಳಿಯುವುದಿಲ್ಲ. ಮೂರು ಉಸಿರು ಎಳೆದುಕೊಳ್ಳಬೇಕು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಬೇಕು, ಬಾಗಿಲು ತೆರೆದರೆ ನಾನೇ ಹೊಸೆದ ಸಾಲು ಹೇಳಬೇಕು: “ನಮಸ್ಕಾರ ತಮಗೆ, ಕೆಲಸವೊಂದಿತ್ತು ನಮಗೆ, ಬಿಡುವಿದ್ದರೆ ಕೇಳಿ, ಇಲ್ಲದಿದ್ದರೆ ಹೇಳಿ.” ಎದುರಿನವರು ಇಲ್ಲವೆಂದರೆ ‘ಧನ್ಯವಾದ’ ಎಂದು ಮೂರು ಹೆಜ್ಜೆ ಹಿಂದೆ ಸರಿಯಬೇಕು. ಆ ಮೂರು ಹೆಜ್ಜೆಯ ನಿಯಮವೂ ನನ್ನದೇ. ಅದಕ್ಕಾಗಿ ನನಗೆ ಒಂದು ಶಾಲು ಹೊದಿಸಿದ್ದರು. ಎರಡು ಸಾವಿರ ಜನರನ್ನು ಪಾಸು ಮಾಡಿದ್ದೇನೆ. ನನ್ನ ಮನೆಯ ಎದುರಿನ ಬಾಗಿಲನ್ನು ಮಾತ್ರ ಹದಿನಾಲ್ಕು ವರ್ಷ ನಾನು ತಟ್ಟಿರಲಿಲ್ಲ. ಎದುರಿಗೆ ಬಾಗಿಲು, ಎದೆಯಲ್ಲಿ ದಿಗಿಲು.

ನನ್ನ ಅವ್ವ ಗುಡ್ಡವ್ವ ನಡುಬಾಯಿ ಕಟ್ಟಿಕೊಂಡವಳಲ್ಲ. ‘ನನಗ ಇರೂ ಬಾಯೇ ಹೆಚ್ಚಾಗೇತಿ’ ಎನ್ನುತ್ತಿದ್ದಳು. ಅವಳಿಗೆ ಎಂಬತ್ತಾದ ಮೇಲೆ ಊಟ ಸೇರದಾಯಿತು, ಕೆಮ್ಮು ಹಿಡಿಯಿತು, ಬಾಯಿಗೆ ರುಚಿಯ ನೆನಪು ಒಂದೇ ಉಳಿಯಿತು: ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ನಮ್ಮ ಮೊಸರು ಪೊಟ್ಟಣದಲ್ಲಿ ಬರುತ್ತದೆ. ಬಿಳಿ ಇದೆ, ಹುಳಿ ಇದೆ, ಜೀವ ಇಲ್ಲ. ಅದರ ಒಂದು ಚಮಚ ಹಾಲಿಗೆ ಹಾಕಿದರೆ ಬೆಳಿಗ್ಗೆಯೂ ಹಾಲು ಹಾಲಾಗಿಯೇ ಇರುತ್ತದೆ. ಜೀವವಿರುವ ಹೆಪ್ಪು ಮನೆಯಿಂದ ಮನೆಗೆ ಬಟ್ಟಲಲ್ಲಿ ಹೋಗಬೇಕಾದದ್ದು. ಕೇಳುವುದು ನಿಂತಿತು, ಹೆಪ್ಪು ಸತ್ತಿತು. ಆದರೆ ಎದುರುಮನೆಯಲ್ಲಿ ದಿನಾ ಮುಸ್ಸಂಜೆ ಹಾಲು ಕಾಯಿಸುವ ವಾಸನೆ ಗಾಳಿಕಿಂಡಿಯಿಂದ ಬರುತ್ತಿತ್ತು. ಅಲ್ಲಿದ್ದವರು ಹಜರತಬಿ ನದಾಫ; ಬಾಗಿಲ ಫಲಕದಿಂದ ನನಗೆ ಗೊತ್ತಿದ್ದದ್ದು ಅಷ್ಟೇ. ಅವ್ವ ಮೂಗು ಎತ್ತಿ ಹೇಳುತ್ತಿದ್ದಳು: “ದಿನಾ ಇಷ್ಟೊತ್ತಿಗೆ ಹಾಲು ಕಾಸೋರು ಹೆಪ್ಪು ಹಾಕೇ ಹಾಕ್ತಾರ. ಹೋಗೋ ಮಾಲತೇಶ, ಒಂದು ಚಮಚ ಇಸ್ಕೊಂಡು ಬಾ.” ಮೊಸರು ನೆಪವಾಗಿತ್ತು ಅಂತ ಈಗ ಅನ್ನಿಸುತ್ತದೆ. ಯಾರಾದರೂ ಮನೆಯೊಳಗೆ ಬಂದು ಕೂತು ಅವಳನ್ನು ‘ಹ್ಯಾಂಗ ಅದೀರಿ’ ಎಂದು ಕೇಳಲಿ ಎಂಬುದು ಆಸೆ.

ಹತ್ತೊಂಬತ್ತು ದಿನ ತಾಲೀಮು ಮಾಡಿದೆ. ಹೊಸ ಪ್ರಾಸ ಕಟ್ಟಿದೆ: ‘ಹಾಲಿದೆ, ಹೆಪ್ಪಿಲ್ಲ, ಕೊಟ್ಟರೆ ತಪ್ಪಿಲ್ಲ.’ ಕಳೆದ ವರ್ಷ ಇದೇ ಫೆಬ್ರವರಿ ಮೂವತ್ತರಂದು ಬಟ್ಟಲು ಹಿಡಿದು ಹೋಗಿ ಎರಡು ಸಲ ತಟ್ಟಿದೆ. ಬಾಗಿಲು ಒಂದು ಅಂಗೈ ಅಗಲ ತೆರೆಯಿತು. ಅರ್ಧ ಮುಖ, ಒಂದು ಕಣ್ಣು. ನಾನು ಇಡೀ ಪದ್ಯ ಒಪ್ಪಿಸಿದೆ, ಶಾಲಾ ವಾರ್ಷಿಕೋತ್ಸವದಲ್ಲಿ ಒಪ್ಪಿಸುವಂತೆ. ಆ ಕಣ್ಣು ಗಾಬರಿಯಾಯಿತು. “ಇಲ್ರೀ” ಎಂದರು. ನಾನು ಧನ್ಯವಾದ ಹೇಳಿ ಮೂರು ಹೆಜ್ಜೆ ಹಿಂದೆ ಸರಿದೆ. ನಿಯಮ ಪಾಲಿಸಿದ ಸಮಾಧಾನವೂ ಆಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಅವ್ವನಿಗೆ ಪೊಟ್ಟಣದ ಮೊಸರನ್ನು ಬಟ್ಟಲಿಗೆ ಸುರಿದು ಕೊಟ್ಟೆ. ಬೆರಳಲ್ಲಿ ನೆಕ್ಕಿ ನೋಡಿ ಬಟ್ಟಲು ಕೆಳಗಿಟ್ಟಳು.

“ಇದು ಯಾರ ಮನೀದೂ ಅಲ್ಲ,” ಎಂದಳು.

ನಾನು ಒಪ್ಪಿಕೊಂಡೆ. ಇಲ್ಲ ಅಂದರು ಎಂದೆ.

“ಎಷ್ಟು ಸಲ ಕೇಳಿದಿ?”

“ಒಂದ್ಸಲ.”

“ಒಂದ್ಸಲ ಕೇಳೂದು ಕೇಳೂದೇನೋ ಖೋಡಿ! ಮೊದಲ್ನೇ ಸಲ ಎಲ್ಲಾರೂ ಇಲ್ಲ ಅಂತಾರ, ಬ್ಯಾಡ ಅಂತಾರ. ಅದು ಮಾತಲ್ಲ, ಉಸಿರು ತಗೊಳ್ಳೂದು.”

ಆ ದಿನ ಅವಳು ನನಗೆ ಹೇಳಿದ್ದು ನಿಮಗೆ ಹೊಸದಲ್ಲದಿರಬಹುದು. ಅವಳ ಮುತ್ತಜ್ಜಿಯ ಕಾಲದಲ್ಲಿ ಬಂದವರಿಗೆ ಚಹಾ ಬೇಕೇನ್ರಿ ಎಂದರೆ ‘ಬ್ಯಾಡ್ರಿ, ಈಗರ ಕುಡುದು ಬಂದೀವಿ’ ಎನ್ನುತ್ತಿದ್ದರಂತೆ. ಎರಡನೇ ಸಲ ಕೇಳಿದರೆ ‘ಯಾಕ ತ್ರಾಸು’ ಎನ್ನುತ್ತಿದ್ದರಂತೆ. ಮೂರನೇ ಸಲ ಯಾರೂ ಕೇಳುತ್ತಿರಲಿಲ್ಲ, ಕಪ್ಪು ಬಸಿ ತಂದು ಇಡುತ್ತಿದ್ದರಂತೆ. ಅವರು ಎರಡು ಕಪ್ಪು ಕುಡಿದು ಹೋಗುತ್ತಿದ್ದರಂತೆ. ನಾನು ಎರಡು ಸಾವಿರ ಜನರಿಗೆ ಬಾಗಿಲು ತಟ್ಟುವುದು ಕಲಿಸಿದ್ದೆ. ಎರಡನೇ ಸಲ ಕೇಳುವುದು ಪಠ್ಯದಲ್ಲಿ ಇರಲೇ ಇಲ್ಲ.

“ಇನ್ನೊಮ್ಮೆ ಹೋಗು,” ಎಂದಳು ಅವ್ವ. ನಾಳೆ ಎಂದೆ. ಮುಂಗಾರಿನಲ್ಲೂ ನಾಳೆ ಎಂದೆ, ದೀಪಾವಳಿಗೂ ನಾಳೆ ಎಂದೆ. ಕೊನೆಕೊನೆಗೆ ಅವಳು ಹೇಳುವುದು ಬಿಟ್ಟಳು. ಮುಸ್ಸಂಜೆ ಹಾಲಿನ ವಾಸನೆ ಬಂದಾಗ ಗಾಳಿಕಿಂಡಿಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು, ಅಷ್ಟೇ. ಈ ತಿಂಗಳ ಹದಿನಾರಕ್ಕೆ, ಮಧ್ಯಾಹ್ನ, ನಾನು ಗಂಜಿ ಆರಿಸುತ್ತಿದ್ದಾಗ ಹೋದಳು. ಮಣ್ಣಿಗೆ ಬಂದವರು ನಾನು ಮತ್ತು ನನ್ನ ಇಲಾಖೆಯ ಇಬ್ಬರು. ಅವರ ನಡುಬಾಯಿಗಳು ಸಂತಾಪ ಸೂಚಿಸಿದವು. ಉಚ್ಚಾರಣೆ ಸ್ಪಷ್ಟವಾಗಿತ್ತು.

ನಾಲ್ಕು ದಿನದ ಹಿಂದೆ ನನ್ನ ಬಾಗಿಲು ಸದ್ದಾಯಿತು. ಬೆರಳ ಗೆಣ್ಣಿನಿಂದ ಎರಡು ಸಲ. ತೆರೆದೆ. ಹಜರತಬಿಯವರು ನಿಂತಿದ್ದರು, ಐವತ್ತರ ಆಸುಪಾಸು, ಸೆರಗು ಬಿಗಿಯಾಗಿ ಹಿಡಿದಿದ್ದರು. ಕೈಯಲ್ಲಿ ತಟ್ಟೆ ಮುಚ್ಚಿದ ಬಟ್ಟಲು. ಗಂಟಲ ಗುಂಡಿ ತೆಗೆದಿದ್ದರು. “ನಮಸ್ಕಾರ ತಮಗೆ, ಕೆಲಸವೊಂದಿತ್ತು…” ಎಂದು ಶುರು ಮಾಡಿದರು. ನನ್ನದೇ ಸಾಲು. ಪರದೆ ಬಿಟ್ಟುಕೊಂಡು ಯಾವಾಗ ನನ್ನ ತರಗತಿಗೆ ಬಂದಿದ್ದರೋ, ಯಾರ ಬಾಗಿಲಿಗಾಗಿ ಕಲಿತಿದ್ದರೋ! ಅರ್ಧಕ್ಕೇ ಸಾಲು ಕಡಿದುಹೋಯಿತು. ಆಮೇಲೆ ಬಂದದ್ದು ಅವರ ಸ್ವಂತ ಮಾತು.

“ಅಣ್ಣಾರ, ಅವತ್ತ ಇಲ್ಲ ಅಂದೆ. ಇತ್ರೀ. ಹೆದರಿಕಿಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ನೀವು ಇನ್ನೊಮ್ಮೆ ಕೇಳ್ತೀರಿ ಅಂತ ಬಾಗಲ ಹಿಂದನ ನಿಂತಿದ್ದೆ. ಆಮ್ಯಾಲೆ ದಿನಾ ಒಂದು ಬಟ್ಟಲ ಹೆಚ್ಚಿಗೆ ಹೆಪ್ಪ ಹಾಕಿ ಇಡ್ತೀನಿ. ಅಜ್ಜಿ ಕೆಮ್ಮೋದು ಕೇಳವಲ್ದು ವಾರ-ಹತ್ತು ದಿನದಿಂದ. ಆರಾಮ ಅದಾರಿಲ್ಲೋ?”

“ಅವ್ವ ತೀರ್ಕೊಂಡ್ಲು,” ಎಂದೆ. “ಹತ್ತು ದಿನ ಆತು.”

ಅವರು ಬಟ್ಟಲನ್ನು ನೋಡಿದರು. “ಯಾ ಅಲ್ಲಾ,” ಎಂದರು ಸಣ್ಣಗೆ. “ಒಂದು ಗ್ವಾಡಿ ಆಚೆ ಅದೀನಿ, ಗೊತ್ತಾಗಲಿಲ್ಲ ನೋಡ್ರಿ.” ಎರಡೂ ಕೈಯಿಂದ ಬಟ್ಟಲು ಮುಂದೆ ಚಾಚಿದರು. “ನೀವರ ಇಟ್ಕೊಳ್ರಿ.”

ನನ್ನ ಬಾಯಿಂದ ಬಂತು: “ಬ್ಯಾಡ್ರಿ.”

ಯಾಕೆ ಬಂತೋ ಗೊತ್ತಿಲ್ಲ. ಅವ್ವ ಹೇಳಿದ ಆ ಮೊದಲ ಉಸಿರು ಅದು. ಅವರು ಇನ್ನೊಮ್ಮೆ ಅಂದಿದ್ದರೆ ಅಲ್ಲೇ ಕುಸಿದು ಕೂತು ಅತ್ತು, ಬಟ್ಟಲು ಇಸಿದುಕೊಳ್ಳುತ್ತಿದ್ದೆ. ಅವರು ಧನ್ಯವಾದ ಎಂದರು. ಒಂದು ಹೆಜ್ಜೆ ಹಿಂದೆ ಸರಿದರು. ಎರಡು. ಮೂರು. ನಾನು ಕಲಿಸಿದಂತೆಯೇ, ಹಿಮ್ಮಡಿ ಎಳೆಯದೆ, ಅಚ್ಚುಕಟ್ಟಾಗಿ. ಪರೀಕ್ಷೆಯಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಧೈರ್ಯ ಬಂದ ಮೇಲೆ ಮಾತಾಡಿಸೋಣ ಎಂದು ಕಾಯಬೇಡಿ. ನಾನು ಧೈರ್ಯವನ್ನೇ ಕಲಿಸುವವನು, ಅದು ಬಾಗಿಲ ಈ ಕಡೆ ಇದ್ದಾಗ ಯಾರಿಗೂ ಬಂದದ್ದು ನೋಡಿಲ್ಲ. ಚಂದದ ಸಾಲು ಕಟ್ಟಿಕೊಂಡು ಹೋಗಬೇಡಿ. ಹೆಪ್ಪಿಗೋ ಕರಿಬೇವಿಗೋ ಖಾಲಿ ಬಟ್ಟಲು ಹಿಡಿದು ಹೋಗಿ, ತೊದಲಿ. ಚಹಾಕ್ಕೆ, ಊಟಕ್ಕೆ, ಒಳಗೆ ಬಂದು ಕೂರುವುದಕ್ಕೆ ಯಾರಾದರೂ ಬೇಡ ಎಂದರೆ ಇನ್ನೊಮ್ಮೆ ಕೇಳಿ. ಆ ಇನ್ನೊಮ್ಮೆ ಎನ್ನುವುದು ನಿಮ್ಮ ಕೈಯಿಂದ ಯಾವಾಗ ಜಾರಿತೋ ನಮಗೆ ಗೊತ್ತಿಲ್ಲ. ಜಾರಿದ ಸದ್ದು ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಈಗ ಮುಸ್ಸಂಜೆ. ಗಾಳಿಕಿಂಡಿಯಿಂದ ಹಾಲಿನ ವಾಸನೆ ಬರುತ್ತಿದೆ. ಅವ್ವನ ಬಟ್ಟಲು ತೊಳೆದು ಒರೆಸಿಟ್ಟಿದ್ದೇನೆ. ಅವಳಿಗೆ ತಡವಾಯಿತು, ಅದಕ್ಕೆ ಯಾವ ಪ್ರಾಸವೂ ಸಿಗಲಿಲ್ಲ. ಗುಂಡಿ ಕಿತ್ತಿಟ್ಟು ಎದುರು ಬಾಗಿಲಿಗೆ ಹೋಗುತ್ತಿದ್ದೇನೆ. ಏನು ಹೇಳಬೇಕೆಂದು ಯೋಚಿಸಿಲ್ಲ. ಅವರು ಇಲ್ಲ ಎಂದರೆ, ಈ ಸಲ ಅಲ್ಲೇ ನಿಲ್ಲುತ್ತೇನೆ.

ಗುಡ್ಡವ್ವನ ಮಗ,
ಮಾಲತೇಶ